ಹೊಸ ಟ್ರ್ಯಾಕ್ಟರಿನ ಇಂಜಿನ್ ವಾರಂಟಿ ನಿರಾಕರಿಸಿದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಟ್ರ್ಯಾಕ್ಟರ್ ಮಾರಾಟ ಮತ್ತು ಸರ್ವಿಸ್ ಕೇಂದ್ರ, ಹಾಸನ

ಮಾನ್ಯರೇ,

ಫೋನಿನಲ್ಲಿ ಮರ್ಯಾದೆಯಾಗಿ ಕೇಳಿ ಕೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ವಾರಂಟಿ ನಿಯಮ ನಿಮಗೇ ಗೊತ್ತು, ಇಲ್ಲಿ ಬಿಡಿಸಿ ಬರೆದು ಕಾಗದ ದಂಡ ಮಾಡುವುದಿಲ್ಲ.

ಗಾಡಿ ಕೊಟ್ಟ ದಿನ ಹಾರ ಹಾಕಿ ಫೋಟೊ ತೆಗೆಸಿಕೊಂಡಾದ ಮೇಲೆ ನಿಮ್ಮ ಹುಡುಗ ಹೇಳಿದ್ದು ಒಂದೇ ಮಾತು: "ಮೊದಲ 50 ಗಂಟೆ ರೇಸ್ ಕೊಡಲೇಬೇಡಿ, ಏನೇ ಕೆಲಸ ಇರ್ಲಿ ಇಂಜಿನ್ ನಿಮಿಷಕ್ಕೆ 1200 ಸುತ್ತು ದಾಟಿಸ್ಬೇಡಿ." ಆಲೂಗೆಡ್ಡೆ ಬಿತ್ತನೆಗೆ ಹೊಲ ಹದವಾಗಿತ್ತು. ಹೇಳಿದಂತೆಯೇ ಮಣ್ಣು ಪುಡಿ ಮಾಡುವ ರೊಟವೇಟರ್ ಹೊಡೆದೆವು. ಇಂಜಿನ್ ಮುಕ್ಕರಿಯಿತು, ಕಪ್ಪು ಹೊಗೆ ಕಾರಿತು, ಹೆಂಟೆ ಹೆಂಟೆಯಾಗಿಯೇ ಉಳಿಯಿತು. ಈಗ ಆಯಿಲ್ ಕಡ್ಡಿ ಎಳೆದರೆ ಕೆಳಗಿನ ಗೆರೆಗೂ ಮುಟ್ಟುವುದಿಲ್ಲ, ಸೈಲೆನ್ಸರ್ ಬಾಯಿಗೆ ಬೆರಳಿಟ್ಟರೆ ಕಪ್ಪು ಜಿಡ್ಡು.

ಮೊದಲ ಸರ್ವಿಸ್‌ಗೆ ಬಂದಾಗ ಕೌಂಟರಿನಲ್ಲಿದ್ದವರು ಮೊಬೈಲಿನಿಂದ ತಲೆ ಎತ್ತದೆ, "ಗೌಡ್ರೇ, ಯಾವ ಆರ್‌ಪಿಎಂನಲ್ಲಿ ಓಡಿಸಿದ್ರಿ?" ಎಂದರು.

"ನೀವು ಹೇಳಿದ್ರಲ್ಲೇ, 1200."

"ರೊಟವೇಟರ್‌ಗೂ ಅಷ್ಟೇನಾ? ಮೀಟರ್ ಮೇಲೆ 540 ಗುರುತು ಇದ್ಯಲ್ಲ, ಓದೋಕ್ ಬರಲ್ವಾ?"

ಪಕ್ಕದಲ್ಲಿ ನನ್ನ ಮಗ ನಿಂತಿದ್ದ. ಹಿಂದೆ ಬೆಂಚಿನಲ್ಲಿ ನಮ್ಮ ಕಡೆಯವರೇ ಮೂರು ನಾಲ್ಕು ಜನ. ಅವರ ಕಡೆ ತಿರುಗಿ, "ಎತ್ತು ಹೊಡೆಯೋರಿಗೆ ಟ್ರ್ಯಾಕ್ಟರ್ ಕೊಟ್ರೆ ಹಿಂಗೇ" ಎಂದು ನಕ್ಕರು. ಟೀ ತಂದ ಹುಡುಗನೂ ನಕ್ಕ. ಆ ಟೀಯಲ್ಲಿ ನನಗೊಂದು ಲೋಟ ಇರಲಿಲ್ಲ, ಇರಲಿ. ಕೈಪಿಡಿ ನನ್ನ ಕಡೆ ತಳ್ಳಿ, "ಮಗನ ಕೈಲಿ ಓದಿಸ್ಕೊಳ್ಳಿ" ಎಂದರು. ಅದರಲ್ಲಿ ಇಂಗ್ಲಿಷ್ ಇದೆ, ಹಿಂದಿ ಇದೆ, ಹಾಸನದಲ್ಲಿ ಮಾರುವ ಗಾಡಿಗೆ ಕನ್ನಡದ ಒಂದು ಸಾಲಿಲ್ಲ. ಆಮೇಲೆ ಸರ್ವಿಸ್ ವಿವರ ಬರೆಯುವ ಜಾಬ್ ಕಾರ್ಡಿನಲ್ಲಿ 'ಗ್ರಾಹಕರಿಂದ ದುರ್ಬಳಕೆ' ಎಂದು ಇಂಗ್ಲಿಷಿನಲ್ಲಿ ಗೀಚಿ, ವಾರಂಟಿ ಸಿಗಲ್ಲ, ಸಹಿ ಹಾಕಿ ಎಂದರು. ಓದಲು ಬಾರದವನ ಸಹಿ ಮಾತ್ರ ನಿಮಗೆ ಬೇಕಾಯಿತು! ನಾನು ಓದಿದೆ, ಸಹಿ ಹಾಕಲಿಲ್ಲ.

540 ಎನ್ನುವುದು ಗಾಡಿಯ ಹಿಂದೆ ರೊಟವೇಟರನ್ನು ತಿರುಗಿಸುವ ಪಿಟಿಒ ಶಾಫ್ಟ್ ನಿಮಿಷಕ್ಕೆ ಸುತ್ತಬೇಕಾದ ಲೆಕ್ಕ, ಇಂಜಿನ್ನಿನದ್ದಲ್ಲ. ನನ್ನ ಗಾಡಿಯಲ್ಲಿ ಅದು ಸಿಗುವುದು ಇಂಜಿನ್ 1800ಕ್ಕೆ ಬಂದಾಗ. 1200ರಲ್ಲಿ ಸಿಗುವುದು 360, ಮಣ್ಣು ಪುಡಿಯಾಗುವುದು ಹೇಗೆ? ಕಡಿಮೆ ರೇಸಿನಲ್ಲಿ ಭಾರ ಎಳೆಸಿದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಹಾಗಂತ ಹೊಸ ಇಂಜಿನ್ನನ್ನು ಸುಮ್ಮನೆ ಐಡಲ್‌ನಲ್ಲಿ ಬಿಟ್ಟರೂ ಪಿಸ್ಟನ್ ರಿಂಗ್ ಸಿಲಿಂಡರಿನಲ್ಲಿ ಸರಿಯಾಗಿ ಕೂರದೆ ಆಯಿಲ್ ಕುಡಿಯಲು ಶುರು ಮಾಡುತ್ತದೆ. ಖಾಲಿ ಟ್ರೈಲರಿಗೆ ಮೇಲಿನ ಗೇರು, ಕಡಿಮೆ ರೇಸು. ರೊಟವೇಟರಿಗೆ ಕೆಳಗಿನ ಗೇರು, ಮೀಟರಿನ 540ರ ಗುರುತಿನವರೆಗೆ ರೇಸು. ಮೊದಲ ಗಂಟೆಗಳಲ್ಲಿ ಮಧ್ಯಮ ಭಾರ, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬಾರದು. ಹಾರ ಹಾಕುವಾಗ ಇಷ್ಟು ಹೇಳಲು ಎರಡು ನಿಮಿಷ ಸಾಕಿತ್ತು. ಆ ಹೊತ್ತಿನಲ್ಲಿ ನಿಮ್ಮವರು ಇನ್ಶೂರೆನ್ಸ್ ಫಾರಂ ತುಂಬಿಸುತ್ತಿದ್ದರು, ಅದರಲ್ಲಿ ಒಂದು ತಪ್ಪೂ ಆಗಿಲ್ಲ.

ಜಾಬ್ ಕಾರ್ಡಿನಿಂದ ಆ ಮಾತು ತೆಗೆಯಬೇಕು. ನನ್ನ ಎದುರಿಗೇ ಕಂಪ್ರೆಷನ್ (ಸಿಲಿಂಡರಿನ ಒಳಗಿನ ಒತ್ತಡ) ನೋಡಿ ಬರೆದು ಕೊಡಬೇಕು. ರಿಂಗ್, ಲೈನರ್ (ಸಿಲಿಂಡರಿನ ಒಳಕವಚ) ಹೋಗಿದ್ದರೆ ವಾರಂಟಿಯಲ್ಲೇ ಹಾಕಬೇಕು.

ಇಲ್ಲವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಹಾಸನದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಐದರಿಂದ ಹತ್ತು ಲಕ್ಷದ ಮಾಲಿಗೆ ಅಲ್ಲಿ ಶುಲ್ಕ 200 ರೂಪಾಯಿ, ನಿಮ್ಮ ಆಯಿಲ್ ಫಿಲ್ಟರ್ ಅದಕ್ಕಿಂತ ದುಬಾರಿ. ಅದಕ್ಕೂ ಮುಂಚೆ, ಬರುವ ಸಂತೆಯ ದಿನ ಗಾಡಿ ತಂದು ನಿಮ್ಮ ಷೋರೂಂ ಎದುರಿಗೆ ನಿಲ್ಲಿಸುತ್ತೇನೆ. ಆ ಜಾಬ್ ಕಾರ್ಡನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆಸಿ ಬಾನೆಟ್ಟಿಗೆ ಕಟ್ಟಿರುತ್ತೇನೆ. ಹೊಸ ಗಾಡಿ ನೋಡಲು ಬಂದವರು ಓದಿಕೊಂಡೇ ಒಳಗೆ ಬರಲಿ.

ಇತಿ,
ನಿಮ್ಮ ಗ್ರಾಹಕ
ಆಲೂರು ತಾಲ್ಲೂಕು, ಹಾಸನ ಜಿಲ್ಲೆ