ಹಳಿ ಪಕ್ಕದ ಊರುಗಳಿಗೆ ಫೋಮ್ ಬೇಕು
ಸಂಪಾದಕರೇ,

ಮುಂಬೈ–ಚೆನ್ನೈ ರೈಲು ಮಾರ್ಗ ಕಲಬುರಗಿ, ಶಹಾಬಾದ್, ವಾಡಿ, ಯಾದಗಿರಿಯ ಮನೆಗಳ ಬೆನ್ನಿಗೇ ಹಾಯುತ್ತದೆ. ಇದೇ ಮಾರ್ಗದ ತಿರುವಳ್ಳೂರಿನಲ್ಲಿ 2025ರ ಜುಲೈನಲ್ಲಿ ಡೀಸೆಲ್ ವ್ಯಾಗನ್‌ಗಳು ಹೊತ್ತಿ ಉರಿದವು. ಕೆನಡಾದ ಲಾಕ್-ಮೆಗಾಂಟಿಕ್‌ನಲ್ಲಿ 2013ರಲ್ಲಿ ಕಚ್ಚಾ ತೈಲದ ರೈಲು 47 ಜನರನ್ನು ಬಲಿ ಪಡೆಯಿತು. ಎಂಜಿನ್ ಆರಿಸಿದ ಮೇಲೆ ಏರ್‌ಬ್ರೇಕ್‌ನ ಒತ್ತಡ ಸೋರಿಹೋಗಿತ್ತು. 72 ಟ್ಯಾಂಕರ್‌ಗಳ ರೈಲಿಗೆ ಹಾಕಿದ್ದು ಬರೀ 7 ಹ್ಯಾಂಡ್‌ಬ್ರೇಕ್! ಇಳಿಜಾರಿನಲ್ಲಿ ತಾನೇ ಉರುಳಿತು.

ಉರಿಯುವ ತೈಲಕ್ಕೆ ನೀರು ಸುರಿದರೆ ತೈಲ ಮೇಲೆ ತೇಲಿ ಬೆಂಕಿ ಹರಡುತ್ತದೆ, ಅದನ್ನು ಮುಚ್ಚಿ ನಂದಿಸುವ ನೊರೆ, ಅಂದರೆ ಫೋಮ್ ಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಚರಂಡಿ ಹಿಡಿದು ಓಣಿಯೊಳಗೆ ಇಳಿಯುತ್ತದೆ. ಹಳಿ ಪಕ್ಕದ ಅಗ್ನಿಶಾಮಕ ಠಾಣೆಗಳಲ್ಲಿ ಎಷ್ಟು ಫೋಮ್ ದಾಸ್ತಾನಿದೆ ಎಂದು ಜಿಲ್ಲಾಡಳಿತ ತಿಳಿಸಲಿ. ಟ್ಯಾಂಕರ್ ಮೇಲಿನ ಅಪಾಯ ಫಲಕದಲ್ಲಿ 1203 ಇದ್ದರೆ ಪೆಟ್ರೋಲ್, 1202 ಡೀಸೆಲ್, 1267 ಕಚ್ಚಾ ತೈಲ. ಸೋರಿಕೆ ಕಂಡರೆ ಗಾಳಿ ಬೀಸಿ ಬರುವ ದಿಕ್ಕಿಗೆ ಸರಿದು, ದೂರದಿಂದ 112ಕ್ಕೆ ಆ ಸಂಖ್ಯೆ ಹೇಳಿ.

– ಓದುಗರು, ಯಾದಗಿರಿ