ಗೆಳೆಯನಿಗೊಂದು ಪತ್ರ: ಗಾಡಿ ಸ್ಟಾರ್ಟ್ ಆಯಿತು

ಪ್ರೀತಿಯ ಗೆಳೆಯಾ,

ಗಾಡಿ ಸ್ಟಾರ್ಟ್ ಆಯಿತು ಮಾರಾಯ! ಎಲ್ಲರೂ ಓದಲಿ ಅಂತಲೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕರಾವಳಿಯಲ್ಲಿ ಹಳೆ ಮಾರುತಿ 800 ಇಟ್ಟುಕೊಂಡವರಿಗೆ ಈ ತೊಂದರೆ ಇವತ್ತಲ್ಲ ನಾಳೆ ಬರಬಹುದು.

ನಮ್ಮ 800ಕ್ಕೆ ಗುಜರಿಯಿಂದ ತಂದು ಹಾಕಿದ ಎಂಜಿನ್ ಚೆನ್ನಾಗಿಯೇ ಇತ್ತು. ಅದೇ 796 ಸಿಸಿ, ಅದೇ ಮೂರು ಸಿಲಿಂಡರ್. ಆದರೆ ಸೆಲ್ಫ್ ಹೊಡೆದರೆ ಅರೆನಿದ್ದೆಯಲ್ಲಿ ಎದ್ದವನ ಹಾಗೆ ಒಂದೆರಡು ಸುತ್ತು ತಿರುಗಿ ಸುಮ್ಮನಾಗುತ್ತಿತ್ತು. ಬ್ಯಾಟರಿ 12.6 ವೋಲ್ಟ್ ತೋರಿಸುತ್ತಿತ್ತು. ಸ್ಟಾರ್ಟರ್ ಬಿಚ್ಚಿ ನೇರ ಬ್ಯಾಟರಿಗೆ ಕೊಟ್ಟರೆ ಜೋರಾಗಿಯೇ ತಿರುಗುತ್ತಿತ್ತು. ಬ್ಯಾಟರಿಯ ನೆಗೆಟಿವನ್ನು ಗಾಡಿಯ ಮೈಗೂ ಎಂಜಿನ್ನಿಗೂ ಜೋಡಿಸುವ ಅರ್ತ್ ವೈರಿಗೆ ಮೀಟರ್ ಇಟ್ಟರೆ ಸರಿಯಾಗಿ ಬೀಪ್ ಅನ್ನುತ್ತಿತ್ತು, ಅಂದರೆ ಸಂಪರ್ಕ ಇದೆ.

ದಾರಿ ತೋರಿಸಿದ್ದು ಮೇಜಿನ ಮೇಲೆ ನಾನೇ ತಂತಿ ಸುತ್ತಿ ಮಾಡುತ್ತಿರುವ ನಮ್ಮ ಎಲೆಕ್ಟ್ರಿಕ್ ಮೋಟರ್. ಓಡುತ್ತಿದ್ದ ರೋಟರನ್ನು, ಅಂದರೆ ಅದರ ತಿರುಗುವ ಭಾಗವನ್ನು, ಬಟ್ಟೆ ಸುತ್ತಿದ ಕೈಯಲ್ಲಿ ಮೆಲ್ಲಗೆ ಒತ್ತಿದೆ. ಆಂಪಿಯರ್ ಸರ್ರನೆ ಏರಿತು. ಕೈ ಬಿಟ್ಟೆ, ಇಳಿಯಿತು. ತಿರುಗುವ ಮೋಟರ್ ತಾನೂ ಒಂದಿಷ್ಟು ವೋಲ್ಟೇಜ್ ಹುಟ್ಟಿಸಿ, ಬರುವ ವೋಲ್ಟೇಜಿಗೆ ಎದುರು ನಿಲ್ಲುತ್ತದೆ. ವೇಗ ತಗ್ಗಿದರೆ ಆ ಎದುರೂ ತಗ್ಗುತ್ತದೆ, ಎಳೆಯುವ ಕರೆಂಟ್ ಜಾಸ್ತಿಯಾಗುತ್ತದೆ. ಕಾರಿನ ಸ್ಟಾರ್ಟರ್ ಕೂಡ ಮೋಟರೇ ಅಲ್ವಾ? ಅದು 100 ಆಂಪಿಯರ್ ಎಳೆಯುವಾಗ ದಾರಿಯಲ್ಲಿ ಬರೀ 0.03 ಓಮ್ ತಡೆ ಇದ್ದರೂ 3 ವೋಲ್ಟ್ ಅಲ್ಲೇ ಹೋಯಿತು. ಅಷ್ಟು ಸಣ್ಣ ತಡೆ ಮೀಟರಿನ ಬೀಪಿಗೆ ಗೊತ್ತೇ ಆಗುವುದಿಲ್ಲ.

ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವಿಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಇಟ್ಟೆ. ನನ್ನ ತಮ್ಮ ಸೆಲ್ಫ್ ಹೊಡೆದ. ಅರ್ಧ ವೋಲ್ಟ್ ದಾಟಬಾರದ ಕಡೆ ಮೂರು ದಾಟಿತು. ಆಕ್ಸಿಲರೇಟರ್ ಕೇಬಲ್ ಮುಟ್ಟಿದರೆ ಬಿಸಿ! ದಪ್ಪ ವೈರಿನಲ್ಲಿ ಹೋಗಬೇಕಾದ ಕರೆಂಟ್ ಆ ಸಪೂರ ಕೇಬಲ್ಲಿನಲ್ಲಿ ನುಗ್ಗುತ್ತಿತ್ತು. ಗಾಡಿಯ ಮೈಗೆ ಅರ್ತ್ ವೈರ್ ಬಿಗಿದ ಬೋಲ್ಟ್ ಬಿಚ್ಚಿದೆ. ಮೇಲೆ ಪೇಂಟ್ ಹೊಳೆಯುತ್ತಿದೆ, ವಾಶರಿನ ಅಡಿಯಲ್ಲಿ ಬರೀ ಕೆಂಪು ಪುಡಿ. ಸುರತ್ಕಲ್ಲಿನ ಉಪ್ಪುಗಾಳಿ. ಎಮರಿ ಪೇಪರಿನಲ್ಲಿ ಲೋಹ ಕಾಣುವಷ್ಟು ಉಜ್ಜಿ, ಬಿಗಿದು, ಮೇಲಿಂದ ಗ್ರೀಸ್ ಹಚ್ಚಿದೆ.

ಮೊದಲ ಸೆಲ್ಫಿಗೇ ಹಿಡಿಯಿತು. ಅಮ್ಮ ಅಡುಗೆಮನೆಯಿಂದ ಓಡಿ ಬಂದರು.

ನಿನಗೆ ಮಾತ್ರ ಆ ರಾತ್ರಿ ಹೇಳಲಿಲ್ಲ. ‘ಸ್ಟಾರ್ಟರಿನ ಸೊಲೆನಾಯ್ಡ್ ಸ್ವಿಚ್ ನೋಡಿದ್ಯಾ?’ ಅಂತ ನೀನು ಕೇಳುತ್ತಿದ್ದೆ, ನಾನು ಹೂಂಗುಡುತ್ತಿದ್ದೆ. ನೀನು ದುಬೈಗೆ ಹೋದ ಮೇಲೆ ನಮ್ಮ ಮಾತು ಹಬ್ಬದ ಮೆಸೇಜಿಗೆ ಇಳಿದಿತ್ತು. ಈ ಎಂಜಿನ್‌ನಿಂದಾಗಿ ದಿನಾ ರಾತ್ರಿ ಮಾತಾಡಿದೆವು, ಅಲ್ಲಿ ಒಂಬತ್ತೂವರೆ, ಇಲ್ಲಿ ಹನ್ನೊಂದು. ಎಂಜಿನ್ ವಿಷಯ ಮುಗಿದ ಮೇಲೆ ನಿನ್ನ ಅಪ್ಪನ ಆರೋಗ್ಯ, ನನ್ನ ಕೈತಪ್ಪಿದ ಕೆಲಸ, ಎಲ್ಲ ಬರುತ್ತಿತ್ತು. ಗಾಡಿ ಸರಿಯಾಯಿತು ಅಂದರೆ ಇನ್ನು ಯಾವ ನೆಪದಲ್ಲಿ ಫೋನ್ ಮಾಡುವುದು ಅಂತ ಹೆದರಿದೆ. ‘ಸುಮ್ನೆ ಮಾಡಿದೆ, ನಿನ್ನ ನೆನಪಾಯ್ತು’ ಅಂತ ನಾವಿಬ್ಬರೂ ಯಾವತ್ತೂ ಹೇಳಿಕೊಂಡವರಲ್ಲ. ಇಷ್ಟೆಲ್ಲ ಬರೆಯಬೇಕಂತ ಇರಲಿಲ್ಲ. ಇರಲಿ.

ಕೆಲಸದ ಮಾತಿಗೆ ಬರುವ. ಹೊಸ ಎಂಜಿನ್ ನಂಬರ್ ಆರ್‌ಸಿಗೆ ಸೇರಿಸಲು ಆರ್‌ಟಿಓಗೆ ಹೋಗಬೇಕು. ನಮ್ಮ ಮೋಟರನ್ನು ಇದೇ ಗಾಡಿಗೆ ಹಾಕುವ ನಿನ್ನ ಆಸೆ ರಸ್ತೆಯ ಮಟ್ಟಿಗೆ ಆಗದು, ಎಲೆಕ್ಟ್ರಿಕ್ ಮಾಡುವುದಾದರೆ ಮಂಜೂರಾದ ಕಿಟ್ ಮಾತ್ರ ಹಾಕಬಹುದು. ಇನ್ನು ಮೋಟರ್ ಹೊರಡುವಾಗ ಒಮ್ಮೊಮ್ಮೆ ನಡುಗಿ ನಿಲ್ಲುತ್ತದೆ. ನಿಂತಾಗ ಎದುರು ವೋಲ್ಟೇಜೇ ಇಲ್ಲ, ಅದನ್ನು ನೋಡಿ ಕರೆಂಟ್ ಹಂಚುವ ಕಂಟ್ರೋಲರಿಗೆ ರೋಟರ್ ಎಲ್ಲಿದೆ ಅಂತ ತಿಳಿಯುವುದಿಲ್ಲ. ಹಾಗಾಗಿ ಅಯಸ್ಕಾಂತ ಎಲ್ಲಿದೆ ಅಂತ ಗುರುತಿಸುವ ಮೂರು ಹಾಲ್ ಸೆನ್ಸರ್ ಅಂಟಿಸಿದ್ದೇನೆ. ಅವುಗಳ ವೈರನ್ನು ಆರು ಥರ ಜೋಡಿಸಬಹುದು. ನಾಳೆ ಹನ್ನೊಂದಕ್ಕೆ ಫೋನ್ ಮಾಡು, ಒಂದೊಂದಾಗಿ ನೋಡುವ. ಊರಿಗೆ ಬರುವಾಗ ಖರ್ಜೂರ ಬೇಡ, ಒಳ್ಳೆಯ ಕ್ರಿಂಪಿಂಗ್ ಟೂಲ್ ತಾ.