ಮೂರನೇ ಪುಟದ ಆ ಸಾಲು

ಮೈಸೂರು

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದ. ನಿನ್ನ ಕಾಗದ ಗುರುವಾರ ಕೈಸೇರಿತು. ಮೂರನೇ ಪುಟದಲ್ಲಿ, ಬಾಡಿಗೆ ಮನೆ ವಿಚಾರಕ್ಕೂ ಗೆಳತಿಯ ಮದುವೆ ವಿಚಾರಕ್ಕೂ ನಡುವೆ, ಒಂದು ಸಾಲು ಬರೆದಿದ್ದೀಯ. "ಇನ್ನು ಈ ಮೈ ಇಟ್ಟುಕೊಂಡು ನಾನೇನು ಮಾಡಲಿ, ದೊಡ್ಡಮ್ಮ?" ಆಮೇಲೆ ಏನೂ ಆಗದವಳ ಹಾಗೆ ಮದುವೆಗೆ ಯಾವ ಬಣ್ಣದ ಸೀರೆ ಉಡಲಿ ಅಂತ ಕೇಳಿದ್ದೀಯ. ಸೀರೆ ಹಾಗಿರಲಿ.

ಮೊದಲು ನೇರವಾಗಿ ಕೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಜೀವಕ್ಕೇ ಬೇಸರ ಬಂದು ಆ ಸಾಲು ಬರೆದಿದ್ದರೆ, ಇದನ್ನು ಓದುತ್ತಾ ಕೂರಬೇಡ, ಈಗಲೇ ಫೋನ್ ಮಾಡು. ಇಲ್ಲಿ ರಾತ್ರಿ ಎರಡು ಗಂಟೆ ಆಗಿದ್ದರೂ ಸರಿ, ನನಗೆ ಹೇಗೂ ನಿದ್ದೆ ಕಡಿಮೆ. ಹಾಗಲ್ಲ, ಜಿಮ್ನಾಸ್ಟಿಕ್ಸ್ ಆಟ ನಿಂತ ಮೇಲೆ ಈ ಕೈಕಾಲು ಯಾವ ಕೆಲಸಕ್ಕೆ ಅಂತ ಕೇಳಿದ್ದರೆ, ಅದಕ್ಕೂ ನನ್ನ ಹತ್ತಿರ ಉತ್ತರ ಇಲ್ಲ. ಆದರೂ ಸುಮ್ನೆ ಕೂರುವುದಕ್ಕೆ ಆಗುತ್ತಿಲ್ಲ. ಮೂರು ದಿನದಿಂದ ಒಲೆ ಮುಂದೆ ನಿಂತರೂ ಅದೇ ಸಾಲು.

ನಮ್ಮ ಕ್ರಿಕೆಟ್ ಹುಡುಗರಿಗೆ ಕಾಲೇಜು ಮುಗಿದ ಮೇಲೆ ರಣಜಿ, ಲೀಗ್ ಅಂತ ಏನೋ ಒಂದು ಆಸೆ ಇರುತ್ತದೆ. ಅಮೆರಿಕದ ಕಾಲೇಜು ಜಿಮ್ನಾಸ್ಟ್‌ಗಳಾದ ನಿಮಗೆ ಏಪ್ರಿಲ್‌ನಲ್ಲಿ ಕೊನೆಯ ಮೀಟ್, ಅಷ್ಟೇ. ನಾಲ್ಕು ವರ್ಷದ ಮಗುವಿಗೆ ಶುರುವಾಗಿದ್ದು ಇಪ್ಪತ್ತೆರಡಕ್ಕೆ ನಿಂತುಹೋಯಿತು. ನನ್ನನ್ನು ಸ್ಕೂಲಿನ ಪಿಟಿ ಮಿಸ್ ಕೆಲಸದಿಂದ ಅರವತ್ತಕ್ಕೆ ಮನೆಗೆ ಕಳಿಸಿದರು. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಕೊಟ್ಟರು. ಮಾರನೇ ದಿನ ನಾಲ್ಕೂವರೆಗೇ ಎಚ್ಚರ. ಎದ್ದು ಮುಖ ತೊಳೆದು, ವಿಷಲ್ ಕೊರಳಿಗೆ ಹಾಕಿಕೊಂಡು, ಬಾಗಿಲ ಹತ್ತಿರ ಹೋಗಿ ನಿಂತೆ. ನಿನ್ನ ದೊಡ್ಡಪ್ಪ ನೋಡಿಯೂ ನೋಡದ ಹಾಗೆ ಪೇಪರ್ ತೆಗೆದರು. ಆ ವಯಸ್ಸಿಗೇ ನನಗೆ ಹಾಗಾಗಿದ್ದರೆ, ನಿನ್ನ ವಯಸ್ಸಿಗೆ?

ನಿನ್ನ ಅಣ್ಣನ ಹತ್ತಿರ ಲ್ಯಾಪ್‌ಟಾಪ್ ಹಾಕಿಸಿಕೊಂಡು ನಿಮ್ಮ ಅಮೆರಿಕದ ಜಿಮ್ನಾಸ್ಟ್ ಆ ಕೇಟ್ಲಿನ್ ಒಹಾಶಿಯನ್ನು ಮತ್ತೆ ನೋಡಿದೆ. 2019ರ ಜನವರಿ 12, ಆನಾಹೈಮ್, ನೆಲದ ಮೇಲೆ ಕುಣಿತ, ಲಾಗ ಎಲ್ಲ ಸೇರಿಸಿ ಮಾಡುವ ಫ್ಲೋರ್‌ನಲ್ಲಿ ಹತ್ತಕ್ಕೆ ಹತ್ತು. ಆ ವಿಡಿಯೊ ಲೋಕವೆಲ್ಲ ಸುತ್ತಿದಾಗ ನನಗೂ ಬಂದಿತ್ತು. ಆಗ ನಾನು ಅವಳ ಲಾಗಗಳನ್ನಷ್ಟೇ ನೋಡಿದ್ದೆ. ಈ ಸಲ ಮುಖ ನೋಡಿದೆ. ಸುತ್ತಿ ಬಂದು ಕಾಲು ಊರಿದ ಮೇಲೂ ನಗುತ್ತಾಳೆ. ಪಕ್ಕದಲ್ಲಿ ಅವಳ ಜೊತೆಯವರು ನಿಂತಲ್ಲೇ ಅವಳ ಕುಣಿತ ಕುಣಿಯುತ್ತಿದ್ದಾರೆ.

ನೀನು ಹೇಳಿದ್ದು ನೆನಪಿದೆ, ಅವಳ ಹಿಂದಿನ ಕತೆ ಬೇರೆಯೇ ಅಂತ. 2013ರ ಅಮೆರಿಕನ್ ಕಪ್ ಜಿಮ್ನಾಸ್ಟಿಕ್ಸ್ ಪಂದ್ಯದಲ್ಲಿ ಅವಳು ಮೊದಲು, ಆಮೇಲೆ ಒಲಿಂಪಿಕ್ಸ್ ಚಿನ್ನ ಗೆದ್ದ ಸಿಮೋನ್ ಬೈಲ್ಸ್ ಎರಡನೆಯವಳು. ಆಮೇಲೆ ಭುಜ ಹೋಯಿತು, ಬೆನ್ನು ಹೋಯಿತು. ಹಾರಲಾರದಷ್ಟು ದಪ್ಪಗಾದ ಹಕ್ಕಿ ಅಂತ ತನ್ನನ್ನು ಆಡಿಕೊಂಡಿದ್ದನ್ನು ಅವಳೇ ಹೇಳಿದ್ದಾಳೆ. ಯುಸಿಎಲ್‌ಎ ಕಾಲೇಜಿಗೆ ಬಂದವಳು ಕೋಚ್ ವ್ಯಾಲೊರಿ ಕಾಂಡೋಸ್ ಫೀಲ್ಡ್ ಹತ್ತಿರ, ಮತ್ತೆ ದೊಡ್ಡವಳಾಗಿ ಮೆರೆಯೋಕೆ ನನಗೆ ಇಷ್ಟವಿಲ್ಲ ಅಂದಳಂತೆ. ಆ ಕೋಚ್ ಯಾವತ್ತೂ ಜಿಮ್ನಾಸ್ಟ್ ಆಗಿದ್ದವರಲ್ಲ, ಬ್ಯಾಲೆ ಕಲಿತವರು. ಅದು ನನಗೆ ತುಂಬಾ ಹಿಡಿಸಿತು, ಯಾಕೆ ಅಂತ ಕೇಳಬೇಡ. ಆ ಹತ್ತಕ್ಕೆ ಹತ್ತು ಬಂದಿದ್ದು ಅವಳ ಕೊನೆಯ ವರ್ಷ. ಅವಳೂ ನಿನ್ನ ಹಾಗೇ ಬಟ್ಟೆಬರೆ ಕಟ್ಟಿಕೊಂಡು ಜಿಮ್‌ನಿಂದ ಹೊರಗೆ ಬಂದಿರಬೇಕು, ಅಲ್ವಾ.

ಆ ಹಕ್ಕಿಯ ಮಾತು ಕೇಳಿದಾಗ ನಾನು ಲ್ಯಾಪ್‌ಟಾಪ್ ಮುಚ್ಚಿಸಿದೆ. ಅಣ್ಣನಿಗೆ ಕಣ್ಣುರಿ ಅಂದೆ. ನಿಜ ಅದಲ್ಲ.

ಇದನ್ನು ನಿನ್ನ ಅಮ್ಮನಿಗೂ ಹೇಳಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬಳು ಹುಡುಗಿ ಇದ್ದಳು. ನಮ್ಮ ಸ್ಕೂಲಿನಲ್ಲಿ ಇದ್ದಿದ್ದು ಒಂದು ಮರದ ವಾಲ್ಟಿಂಗ್ ಬಾಕ್ಸು, ಎರಡು ನಾರಿನ ಮ್ಯಾಟು. ಮಳೆ ಬಂದರೆ ಮ್ಯಾಟ್ ಒಳಗೆ ಎತ್ತಿಡುವುದೇ ಒಂದು ಪೀರಿಯಡ್. ಅಷ್ಟರಲ್ಲೇ ಅವಳು ಓಡಿಬಂದು, ಕೈ ಊರಿ, ಆ ಬಾಕ್ಸ್ ದಾಟಿದರೆ ಮೇಷ್ಟ್ರುಗಳು ಕಾರಿಡಾರ್‌ಗೆ ಬಂದು ನೋಡುತ್ತಿದ್ದರು. ಒಂಬತ್ತನೇ ಕ್ಲಾಸಿಗೆ ಮೈ ತುಂಬಿಕೊಂಡಿತು. ಆ ವಯಸ್ಸಿಗೆ ಎಲ್ಲರಿಗೂ ಆಗುವುದೇ. ಒಂದು ದಿನ ಅವಳ ಕಾಲು ಬಾಕ್ಸಿಗೆ ತಗುಲಿತು. ನಾನು, "ಹೀಗೇ ತಿಂತಾ ಇದ್ರೆ ಬಾಕ್ಸೇ ಮುರಿದುಹೋಗುತ್ತೆ ಕಣೇ" ಅಂದೆ. ಕ್ಲಾಸೆಲ್ಲ ನಕ್ಕಿತು. ಅವಳೂ ನಕ್ಕಳು, ಪುಟ್ಟಿ. ಮಾರನೇ ದಿನದಿಂದ ಹೊಟ್ಟೆನೋವು ಅಂತ ಚೀಟಿ. ಆ ವರ್ಷ ಪೂರ್ತಿ ಚೀಟಿ.

ಎಷ್ಟೋ ವರ್ಷದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. "ಇವರು ನಮ್ಮ ಪಿಟಿ ಮಿಸ್" ಅಂತ ಮಗಳಿಗೆ ತೋರಿಸಿ, ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ತಪ್ಪಾಯಿತು ಅನ್ನೋಕೆ ಬಾಯಿವರೆಗೂ ಬಂತು. ನಂಜನಗೂಡಿನ ಬಸ್ಸೂ ಬಂತು. ಹತ್ತಿಬಿಟ್ಟೆ.

ಅದಕ್ಕೇ ನಿನ್ನ ಸಾಲು ನನ್ನನ್ನು ಇಷ್ಟು ಕಾಡುತ್ತಿರುವುದು. ನಿನ್ನ ಮೈಯನ್ನು ಹದಿನೆಂಟು ವರ್ಷ ಬೇರೆಯವರು ನೋಡಿ ಹೇಳಿದರು. ಬೆರಳು ನೆಟ್ಟಗಿಲ್ಲ, ಮಂಡಿ ಕೂಡಿಲ್ಲ, ಇಳಿಯುವಾಗ ಒಂದು ಹೆಜ್ಜೆ ಜಾಸ್ತಿ ಇಟ್ಟೆ, ಅದಕ್ಕೆ ಇಷ್ಟು ಕಡಿತ. ನಿಂತರೂ ಅಂಕ, ಬಿದ್ದರೂ ಅಂಕ. ಈಗ ಹೇಳುವವರು ಯಾರೂ ಇಲ್ಲ. ನಿನಗೆ ಹೆದರಿಕೆ ಅದೇನಾ? ನಾನು ತಪ್ಪಾಗಿ ತಿಳಿದಿದ್ದರೆ ಬೈದುಬಿಡು.

ಸಲಹೆ ಕೊಡುವ ಯೋಗ್ಯತೆ ನನಗೆ ಎಷ್ಟಿದೆಯೋ. ಆದರೂ ತೂಕದ ಮೆಷಿನ್ ಮನೆಯಲ್ಲಿದ್ದರೆ ಯಾರಿಗಾದರೂ ಕೊಟ್ಟುಬಿಡು. ವಾರಕ್ಕೆ ಇಪ್ಪತ್ತು ಗಂಟೆ ದುಡಿದ ಮೈ, ಒಂದೇ ಸಲ ಕೂತರೆ ಬದಲಾಗದೆ ಇರುತ್ತಾ? ಬದಲಾಗಲಿ. ಹಸಿವಾದಾಗ ತಿನ್ನು, ಲೆಕ್ಕ ಹಾಕಬೇಡ. ಆ ಪಾದದ ಕೀಲನ್ನು ಡಾಕ್ಟರಿಗೆ ತೋರಿಸು. ಆಡುವಾಗ ಟೇಪ್ ಸುತ್ತಿ ಮುಚ್ಚಿಟ್ಟಿದ್ದು ಸಾಕು. ನಾನು ಮಂಡಿಯನ್ನು ಹಾಗೇ ಬಿಟ್ಟು ಈಗ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಲ್ಲಿ ನೂರೂ ಹತ್ತಲಾರೆ. ನಿಮ್ಮ ಕಾಲೇಜಿನಲ್ಲಿ ಇಂಥದ್ದಕ್ಕೆಂದೇ ಮಾತಾಡುವವರು ಇದ್ದಾರೆ ಅಂದಿದ್ದೆಯಲ್ಲ, ಅವರ ಹತ್ತಿರ ಒಂದು ಸಲ ಹೋಗು. ದೊಡ್ಡಮ್ಮ ಬಲವಂತ ಮಾಡಿದರು ಅಂತ ಹೇಳಿಕೊಂಡೇ ಹೋಗು, ಪರವಾಗಿಲ್ಲ.

ಅಮೆರಿಕದ ಇನ್ನೊಬ್ಬ ಜಿಮ್ನಾಸ್ಟ್ ಮೋಹಿನಿ ಭಾರದ್ವಾಜ್ ನೆನಪಿಗೆ ಬರುತ್ತಾಳೆ. ಅಪ್ಪ ನಮ್ಮ ದೇಶದವರು, ಅಮ್ಮ ರಷ್ಯಾದವರು. ಅವಳೂ ಯುಸಿಎಲ್‌ಎ ಹುಡುಗಿ, 2001ಕ್ಕೆ ಕಾಲೇಜು ಆಟ ಮುಗಿಸಿದಳು. ಬಿಟ್ಟವಳು ಮತ್ತೆ ಬಂದಳು. ಖರ್ಚಿಗೆ ಪಿಜ್ಜಾ ಹಂಚಿದಳು. 2004ರಲ್ಲಿ ಅಥೆನ್ಸ್ ಒಲಿಂಪಿಕ್ಸ್‌ಗೆ ಹೋದಾಗ ಇಪ್ಪತ್ತೈದು, ಟೀಮಿನ ಕ್ಯಾಪ್ಟನ್. ಫೈನಲ್‌ನಲ್ಲಿ ಗಾಯವಾಗಿದ್ದ ಜೊತೆಯವಳ ಬದಲು ಕೊನೇ ಗಳಿಗೆಯಲ್ಲಿ ಬೀಮ್ ಹತ್ತಿದ್ದೂ ಅವಳೇ. ಆ ಬೀಮ್ ಅನ್ನೋ ತೊಲೆ ಹತ್ತೇ ಸೆಂಟಿಮೀಟರ್ ಅಗಲ! ಟೀಮಿಗೆ ಬೆಳ್ಳಿ ಬಂತು. ನೀನೂ ಒಲಿಂಪಿಕ್ಸ್‌ಗೆ ಹೋಗು ಅಂತಲ್ಲ, ಹೆದರಬೇಡ. ಆಮೇಲೆ ಅವಳು ಮಕ್ಕಳಿಗೆ ಕಲಿಸುವುದಕ್ಕೆ ನಿಂತಳು. ನೀನು ಅದನ್ನೂ ಮಾಡಬೇಕಿಲ್ಲ. ಹಾಗಾದರೆ ಯಾಕೆ ಬರೆದೆ? ನನಗೆ ಆ ಪಿಜ್ಜಾ ಇಷ್ಟ. ಬಿಸಿ ಡಬ್ಬ ಹಿಡಿದು ಯಾರದೋ ಮನೆ ಮೆಟ್ಟಿಲು ಹತ್ತುತ್ತಿದ್ದಾಗ ಆ ಕಾಲುಗಳಿಗೆ ಯಾರೂ ಅಂಕ ಕೊಡಲಿಲ್ಲವಲ್ಲ.

ನಿನಗೆ ನೆನಪಿರುವುದಿಲ್ಲ. ಮೂರು ವರ್ಷದವಳಿದ್ದಾಗ ರಜಕ್ಕೆ ಇಲ್ಲಿಗೆ ಬಂದಿದ್ದೆ. ನಡುಮನೆಯಲ್ಲಿ ಹಾಸಿಗೆ ಹಾಸುವ ಹಾಗಿರಲಿಲ್ಲ, ಹಾಸಿದ ತಕ್ಷಣ ಲಾಗ. ಅಜ್ಜಿಯ ಹಪ್ಪಳದ ಹಿಟ್ಟಿನ ಮೇಲೆ ಒಂದು ಸಲ ಬಿದ್ದೆ. ಅಜ್ಜಿ ಬೈಯುತ್ತಲೇ ನಕ್ಕರು. ನೀನು ಬೆನ್ನಿಗೆಲ್ಲ ಹಿಟ್ಟು ಮೆತ್ತಿಕೊಂಡು ಮತ್ತೆ ಲಾಗ ಹಾಕಿದೆ.

ಆ ಸಾಲಿಗೆ ಇದು ಉತ್ತರವಲ್ಲ, ಗೊತ್ತು. ಡಿಸೆಂಬರ್‌ನಲ್ಲಿ ಬಾ. ಏನೂ ಮಾಡಬೇಡ, ಬಿಸಿಲಿಗೆ ಕೂರು, ಎಣ್ಣೆ ಹಚ್ಚುತ್ತೇನೆ.

ಭಾನುವಾರ ನಮಗೆ ಬೆಳಗಾದಾಗ ನಿನಗೆ ಶನಿವಾರ ಸಂಜೆ. ಆಗ ಫೋನ್ ಮಾಡುತ್ತೇನೆ. ನೀನು ಎತ್ತದಿದ್ದರೆ ನಿನ್ನ ಅಮ್ಮನಿಗೆ ಮಾಡುತ್ತೇನೆ, ಆ ಸಾಲನ್ನೂ ಓದಿ ಹೇಳುತ್ತೇನೆ. ಅದು ನಿನಗೆ ಬೇಡ ಅಂತಲೂ ಗೊತ್ತು. ಅದಕ್ಕೇ ಎತ್ತು.

ಸೀರೆ ನವಿಲುಗರಿ ಬಣ್ಣದ್ದು ಉಡು.

ನಿನ್ನ
ದೊಡ್ಡಮ್ಮ